ನಾಳೆ ಬಾ: ಮನೆ ಕಟ್ಟುವ ಪರವಾನಗಿ ಮತ್ತು ಕಾಲದ ಎರಡು ಲೆಕ್ಕಗಳು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಕನ್ನಡ ನಾಡಿನ ಉದ್ದಗಲಕ್ಕೂ ಬಳಕೆಯಲ್ಲಿದೆ. ಇದನ್ನು ಸಾಮಾನ್ಯವಾಗಿ ಖರ್ಚಿನ ನೆಲೆಯಲ್ಲಿ ಅರ್ಥೈಸುವುದು ರೂಢಿ. ಆದರೆ ಮನೆ ಮತ್ತು ಮದುವೆ ಎರಡರಲ್ಲಿಯೂ ಖರ್ಚಿನಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯಿದೆ, ಅದು ಒಪ್ಪಿಗೆ. ಯಾರ ಒಪ್ಪಿಗೆಯೂ ಇಲ್ಲದೆ ಮದುವೆ ನಡೆಯುವುದು ಹೇಗೆ ಸಲ್ಲದೋ ಹಾಗೆಯೇ ಯಾರನ್ನೂ ಕೇಳದೆ ಮನೆ ಎಬ್ಬಿಸುವುದೂ ಜನಪದರ ದೃಷ್ಟಿಯಲ್ಲಿ ಸಲ್ಲದ ಕೆಲಸ. ನೆಲವನ್ನು ಕೇಳಬೇಕು, ಮನೆದೇವರನ್ನು ಕೇಳಬೇಕು, ಊರ ಹಿರಿಯರನ್ನು ಕೇಳಬೇಕು. ಇಂದು ಇವರೆಲ್ಲರ ಜೊತೆಗೆ ಸ್ಥಳೀಯ ಸಂಸ್ಥೆಯನ್ನೂ ಕೇಳಬೇಕಾಗಿದೆ. ಗ್ರಾಮ ಪಂಚಾಯಿತಿಯಿಂದ ಮಹಾನಗರ ಪಾಲಿಕೆಯವರೆಗೆ ಯಾವುದೇ ವ್ಯಾಪ್ತಿಯಲ್ಲಿ ಗೋಡೆ ಎಬ್ಬಿಸುವ ಮುನ್ನ ಲಿಖಿತ ಪರವಾನಗಿ ಪಡೆಯುವುದು ಕಡ್ಡಾಯವಾಗಿದೆ.

ಕೇಳುವುದು ಹೊಸತಲ್ಲ, ಕೇಳಿದ ಮೇಲೆ ಉತ್ತರಕ್ಕಾಗಿ ಕಾಯುವ ಕಾಲ ಮಾತ್ರ ಹೊಸತು. ಪರವಾನಗಿಯ ತೀರ್ಮಾನಕ್ಕೆ ಎಷ್ಟು ದಿನ ಹಿಡಿಯುತ್ತದೆ, ಆ ದಿನಗಳನ್ನು ಕಾಯ್ದೆ ಹೇಗೆ ಎಣಿಸುತ್ತದೆ, ಕಾಯುವ ಕುಟುಂಬ ಹೇಗೆ ಎಣಿಸುತ್ತದೆ ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆಡಳಿತಶಾಸ್ತ್ರದ ವಿಷಯವೆಂದು ಜಾನಪದ ಅಧ್ಯಯನವು ಈ ವಲಯವನ್ನು ಬದಿಗಿರಿಸುತ್ತ ಬಂದಿದೆ. ಆದರೆ ಕಚೇರಿಯೂ ಒಂದು ಸಮುದಾಯವೇ. ಅದಕ್ಕೂ ತನ್ನದೇ ನುಡಿಗಟ್ಟು, ನಂಬಿಕೆ, ವಿಧಿಗಳಿವೆ. ಕಚೇರಿಯ ಬಾಗಿಲಲ್ಲಿ ನಿಂತ ಜನರ ನಡುವೆಯೂ ಒಂದು ಮೌಖಿಕ ಪರಂಪರೆ ಬೆಳೆದಿದೆ.

1. ಅಪ್ಪಣೆಯ ಜಾನಪದ ರೂಪಗಳು

ಮನೆ ಕಟ್ಟುವ ಸಂದರ್ಭದ ಆಚರಣೆಗಳನ್ನು ಕ್ರಮವಾಗಿ ಜೋಡಿಸಿದರೆ ಅವು ಒಂದರ ಮೇಲೊಂದು ಪಡೆಯುವ ಅಪ್ಪಣೆಗಳ ಸರಣಿಯಾಗಿ ಕಾಣುತ್ತವೆ. ಮೊದಲು ಜಾಗದ ಬಗ್ಗೆ ದೇವರಲ್ಲಿ ಕೇಳುವುದು. ಬಯಲುಸೀಮೆ ಮತ್ತು ಮಲೆನಾಡಿನ ಅನೇಕ ಗ್ರಾಮದೇವತೆಗಳ ಗುಡಿಗಳಲ್ಲಿ ‘ಹೂ ಕೇಳುವ’ ಪದ್ಧತಿ ಇದೆ. ದೇವರ ಮೇಲಿಟ್ಟ ಹೂ ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ನಿರಾಕರಣೆ. ತುಳುನಾಡಿನಲ್ಲಿ ದೈವದ ನುಡಿಯನ್ನು ಕೇಳಿ ಮುಂದುವರಿಯುವುದು ವಾಡಿಕೆ. ಆಮೇಲೆ ಗುದ್ದಲಿ ಪೂಜೆ. ಭೂಮಿಯನ್ನು ಅಗೆಯುವ ಮೊದಲು ಅವಳ ಕ್ಷಮೆ ಕೇಳುವುದು. ಬಳಿಕ ಬಾಗಿಲು ನಿಲ್ಲಿಸುವುದು, ಹೊಸ್ತಿಲ ಪೂಜೆ. ಕೊನೆಗೆ ಹಾಲುಕ್ಕಿಸುವ ಗೃಹಪ್ರವೇಶ. ಪ್ರತಿ ಹಂತದಲ್ಲಿಯೂ ಒಂದು ಕೇಳಿಕೆ, ಒಂದು ಉತ್ತರ.

ಈ ಅಪ್ಪಣೆಗಳಲ್ಲಿ ಮೂರು ಲಕ್ಷಣಗಳನ್ನು ಗುರುತಿಸಬಹುದು. ಮೊದಲನೆಯದಾಗಿ, ಉತ್ತರವು ಕೇಳಿದ ಜಾಗದಲ್ಲಿಯೇ ದೊರೆಯುತ್ತದೆ. ಹೂ ಬೀಳುವುದು ತಡವಾಗಬಹುದು, ಆದರೆ ಕೇಳಿದವನು ಅಲ್ಲಿಯೇ ಕುಳಿತು ಕಾಯುತ್ತಾನೆ. ಕಾಯುವಿಕೆಯು ಕಣ್ಣೆದುರಿನ ಕ್ರಿಯೆ. ಎರಡನೆಯದಾಗಿ, ಉತ್ತರ ಬಹಿರಂಗವಾದುದು. ಬಲಕ್ಕೆ ಬಿದ್ದ ಹೂವನ್ನು ಅರ್ಚಕನಷ್ಟೇ ಅಲ್ಲ, ನೆರೆದ ಎಲ್ಲರೂ ನೋಡುತ್ತಾರೆ. ಮೂರನೆಯದಾಗಿ, ನಿರಾಕರಣೆಯೂ ಒಂದು ಉತ್ತರವೇ. ಎಡಕ್ಕೆ ಬಿದ್ದ ಹೂ ಕುಟುಂಬವನ್ನು ಬೇರೆ ಜಾಗದತ್ತ ಅಥವಾ ಬೇರೆ ಋತುವಿನತ್ತ ಕಳಿಸುತ್ತದೆ, ನಡುನೀರಿನಲ್ಲಿ ಬಿಡುವುದಿಲ್ಲ.

‘ಕೆರೆಗೆ ಹಾರ’ ಕಥನಗೀತೆಯನ್ನು ಈ ದೃಷ್ಟಿಯಿಂದ ನೋಡಬಹುದು. ಕಟ್ಟಿಸಿದ ಕೆರೆಗೆ ನೀರು ಬಾರದಾಗ ಗೌಡನು ಶಾಸ್ತ್ರ ಕೇಳುತ್ತಾನೆ. ಸಿಗುವ ಉತ್ತರ ಕಿರಿಯ ಸೊಸೆಯ ಬಲಿ. ಇದು ಕ್ರೂರವಾದ ಉತ್ತರ. ಅದನ್ನು ಪ್ರಶ್ನಿಸುವ ಓದುಗಳು ಕನ್ನಡ ವಿಮರ್ಶೆಯಲ್ಲಿ ಸಾಕಷ್ಟು ಬಂದಿವೆ. ಆದರೆ ಜಾನಪದದ ಕಲ್ಪನಾಲೋಕದಲ್ಲಿ ಕೇಳಿದ ಪ್ರಶ್ನೆಗೆ ಉತ್ತರವೇ ಇಲ್ಲದ ಸ್ಥಿತಿ ಅಪರೂಪವೆಂಬುದನ್ನೂ ಅದು ತೋರಿಸುತ್ತದೆ.

ಹಾಗೆಂದು ಹಳೆಯ ವ್ಯವಸ್ಥೆಯನ್ನು ಆದರ್ಶೀಕರಿಸುವಂತಿಲ್ಲ. ದೇವರ ಅಪ್ಪಣೆಯ ಆಚೆ ಊರಿನ ಅಪ್ಪಣೆಯೊಂದಿತ್ತು. ಗೌಡ, ಶ್ಯಾನುಭೋಗರ ಮಾತು ಮತ್ತು ಜಾತಿಯ ಗಡಿ ಸೇರಿ ಯಾರು ಎಲ್ಲಿ ಮನೆ ಕಟ್ಟಬಹುದೆಂಬುದನ್ನು ನಿರ್ಧರಿಸುತ್ತಿದ್ದವು. ಕೇರಿಯ ಕುಟುಂಬವೊಂದು ಊರೊಳಗೆ ಜಾಗ ಕೇಳುವ ಪ್ರಶ್ನೆಯೇ ಇರಲಿಲ್ಲ. ಅಲ್ಲಿ ಉತ್ತರವು ತಕ್ಷಣ ದೊರೆಯುತ್ತಿದ್ದುದು ಅದು ಹುಟ್ಟಿಗೆ ಮೊದಲೇ ತೀರ್ಮಾನವಾಗಿರುತ್ತಿದ್ದುದರಿಂದ. ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು 1961ರ ಕಾಯ್ದೆಯು ರದ್ದುಗೊಳಿಸಿತು. ಬರೆದ ನಿಯಮ, ಅರ್ಜಿ, ಕಾರಣ ಸಹಿತ ಆದೇಶ ಇವು ಯಾರ ಮುಖವನ್ನೂ ನೋಡದೆ ಕೊಡುವ ಅಪ್ಪಣೆಯ ಭರವಸೆಯಾಗಿ ಬಂದವು. ಆದ್ದರಿಂದ ಲಿಖಿತ ಪರವಾನಗಿಯಲ್ಲಿ ಆಗುವ ವಿಳಂಬವು ಕೇವಲ ಅನನುಕೂಲವಲ್ಲ. ಅದು ಈ ಭರವಸೆಯನ್ನೇ ಸವೆಸುತ್ತದೆ.

2. ಪ್ಲೇಗಮ್ಮ ಮತ್ತು ಪುರಸಭೆ

ಪರವಾನಗಿಯನ್ನು ಅನಗತ್ಯ ಹೊರೆಯೆಂದು ತಳ್ಳಿಹಾಕುವವರು ಅದರ ಹುಟ್ಟಿನ ಹಿನ್ನೆಲೆಯನ್ನು ಗಮನಿಸಬೇಕು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಿತು. ಇಕ್ಕಟ್ಟಾದ ಪೇಟೆಯ ಬೀದಿಗಳು, ಗಾಳಿ ಬೆಳಕು ಇಲ್ಲದ ಮನೆಗಳು ಸಾವಿನ ತಾಣಗಳಾದವು. ಈ ಒಂದೇ ಘಟನೆಗೆ ಎರಡು ಬಗೆಯ ಪ್ರತಿಕ್ರಿಯೆಗಳು ಬಂದವು. ಜನಪದರು ಪ್ಲೇಗಮ್ಮನೆಂಬ ಹೊಸ ತಾಯಿಯನ್ನು ಸ್ಥಾಪಿಸಿ ಅವಳಲ್ಲಿ ರಕ್ಷಣೆ ಬೇಡಿದರು. ಆ ಹೆಸರಿನ ಗುಡಿಗಳು ಬೆಂಗಳೂರಿನ ಸುತ್ತಮುತ್ತ ಉಳಿದುಬಂದಿವೆ. ಆಡಳಿತವು ಅಗಲವಾದ ರಸ್ತೆ, ಹಿಂಬದಿಯ ಓಣಿ, ಮನೆಮನೆಯ ನಡುವೆ ತೆರಪು ಇರುವ ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳನ್ನು ರೂಪಿಸಿತು. ಎರಡರ ಆಶಯವೂ ಒಂದೇ: ಮನೆಯೊಳಗಿನ ಜೀವಗಳು ಉಳಿಯಬೇಕು.

ಇಂದಿನ ಪರವಾನಗಿ ಪತ್ರದಲ್ಲಿ ಕಾಣುವ ‘ಸೆಟ್‌ಬ್ಯಾಕ್’, ಎತ್ತರದ ಮಿತಿ, ಚರಂಡಿ ಸಂಪರ್ಕ, ಕಿಟಕಿಯ ಅಳತೆ ಇವೆಲ್ಲ ಇಂಥ ಅನುಭವಗಳಿಂದ ಬಂದವು. ನೆರೆಯವನ ಗಾಳಿಯನ್ನು ಕಿತ್ತುಕೊಳ್ಳದಂತೆ, ಕೆರೆಯಂಗಳವನ್ನು ತುಂಬದಂತೆ, ರಾಜಕಾಲುವೆಯನ್ನು ಮುಚ್ಚದಂತೆ ನೋಡಿಕೊಳ್ಳಲು ಯಾರಾದರೂ ನಕ್ಷೆಯನ್ನು ಓದಲೇಬೇಕು, ಜಾಗವನ್ನು ನೋಡಲೇಬೇಕು. ಓದಲು ಮತ್ತು ನೋಡಲು ಕಾಲ ಬೇಕು. ಆದ್ದರಿಂದ ಅರ್ಜಿ ಕಚೇರಿಯಲ್ಲಿ ಇರುವ ದಿನಗಳಲ್ಲಿ ಅದನ್ನು ಪರಿಶೀಲಿಸುವ ಕಾಲವೆಷ್ಟು, ಅದು ಸುಮ್ಮನೆ ಬಿದ್ದಿರುವ ಕಾಲವೆಷ್ಟು ಎಂಬುದು ಇಲ್ಲಿನ ಮುಖ್ಯ ಪ್ರಶ್ನೆ.

3. ಕಾಯ್ದೆಯ ಗಡುವುಗಳು

ಕರ್ನಾಟಕದ ಕಾಯ್ದೆಗಳು ಈ ಕಾಲಕ್ಕೆ ಮಿತಿ ಹಾಕಿಲ್ಲವೆಂದು ಹೇಳಲಾಗದು. 1976ರ ಕರ್ನಾಟಕ ಪೌರನಿಗಮಗಳ ಕಾಯ್ದೆಯ 299ರಿಂದ 305ರವರೆಗಿನ ಪ್ರಕರಣಗಳು ಈ ಕ್ರಮವನ್ನು ವಿವರಿಸುತ್ತವೆ. (ಬೆಂಗಳೂರಿಗೆ 2021ರಿಂದ ಪ್ರತ್ಯೇಕ ಕಾಯ್ದೆಯಿದ್ದು, ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ ಮೊದಲಾದ ನಗರಗಳಿಗೆ 1976ರ ಕಾಯ್ದೆಯೇ ಅನ್ವಯಿಸುತ್ತದೆ.) ಇದರಂತೆ ಆಯುಕ್ತರು ನಿವೇಶನದ ಅನುಮೋದನೆಯನ್ನು 30 ದಿನಗಳೊಳಗೆ ತೀರ್ಮಾನಿಸಬೇಕು. ಕಟ್ಟಡ ಕಾಮಗಾರಿಯ ಅನುಮತಿಯನ್ನು ಮತ್ತೆ 30 ದಿನಗಳೊಳಗೆ ತೀರ್ಮಾನಿಸಬೇಕು. ಈ ಎರಡನೆಯ ಗಡುವು ನಿವೇಶನ ಅನುಮೋದನೆಯಾದ ಮೇಲಷ್ಟೇ ಆರಂಭವಾಗುತ್ತದೆ. ನಿರಾಕರಿಸುವುದಾದರೆ ಕಾಯ್ದೆಯಲ್ಲಿ ಹೇಳಿದ ಕಾರಣಗಳ ಮೇಲೆಯೇ ನಿರಾಕರಿಸಬೇಕು.

ಆಯುಕ್ತರು ಒಪ್ಪಿಗೆಯನ್ನೂ ಕೊಡದೆ, ನಿರಾಕರಿಸಲೂ ಇಲ್ಲದಿದ್ದರೆ ಅರ್ಜಿದಾರನು ಸ್ಥಾಯಿ ಸಮಿತಿಗೆ ಲಿಖಿತವಾಗಿ ಕೋರಬಹುದು. ಸಮಿತಿಯೂ 30 ದಿನಗಳಲ್ಲಿ ತೀರ್ಮಾನಿಸದಿದ್ದರೆ ಅನುಮತಿಯನ್ನು ನೀಡಲಾಗಿದೆಯೆಂದೇ ಭಾವಿಸಲಾಗುತ್ತದೆ.

ಗ್ರಾಮೀಣ ಪ್ರದೇಶಕ್ಕೆ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೆಯ ಪ್ರಕರಣ ಅನ್ವಯಿಸುತ್ತದೆ. ಅಲ್ಲಿ ಗ್ರಾಮ ಪಂಚಾಯಿತಿಗೆ 60 ದಿನಗಳ ಅವಧಿಯಿದೆ. ಅಷ್ಟರಲ್ಲಿ ತೀರ್ಮಾನ ತಿಳಿಸದಿದ್ದರೆ ಅನುಮತಿ ದೊರೆತಂತೆಯೇ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 15ನೆಯ ಪ್ರಕರಣವು ಯೋಜನಾ ಪ್ರಾಧಿಕಾರಕ್ಕೆ ಮೂರು ತಿಂಗಳ ಅವಧಿಯನ್ನು ಇರಿಸಿತು. ಮನೆ ಕಟ್ಟುವ ಜಾಗ ಕೃಷಿ ಭೂಮಿಯಾಗಿದ್ದರೆ ಅದಕ್ಕೂ ಮೊದಲು ಭೂಪರಿವರ್ತನೆ ಆಗಬೇಕು. 1964ರ ಭೂಕಂದಾಯ ಕಾಯ್ದೆಯ 95ನೆಯ ಪ್ರಕರಣ ಇದಕ್ಕಾಗಿ ಜಿಲ್ಲಾಧಿಕಾರಿಗೆ ನಾಲ್ಕು ತಿಂಗಳ ಮಿತಿಯನ್ನು ಗೊತ್ತುಪಡಿಸಿತ್ತು.

ಬಿಡಿಬಿಡಿಯಾಗಿ ನೋಡಿದರೆ ಇವು ನ್ಯಾಯವಾದ ಅವಧಿಗಳೇ. ತೊಡಕಿರುವುದು ಅವುಗಳ ಜೋಡಣೆಯಲ್ಲಿ. ಒಂದೊಂದು ಕಾಯ್ದೆಯೂ ತನ್ನ ಕಚೇರಿಯ ಹೊಸ್ತಿಲಿನಿಂದ ಎಣಿಕೆ ಆರಂಭಿಸುತ್ತದೆ. ಕುಟುಂಬವಾದರೋ ಮನೆಯ ಹಂಬಲ ಮೂಡಿದ ದಿನದಿಂದ ಎಣಿಸುತ್ತದೆ. ನಾಲ್ಕು ಕಚೇರಿಗಳು ತಮ್ಮ ತಮ್ಮ ಗಡುವನ್ನು ನಿಷ್ಠೆಯಿಂದ ಪಾಲಿಸಿದರೂ ಅವುಗಳ ಮೊತ್ತ ಒಂದು ವರ್ಷವನ್ನು ಮುಟ್ಟಬಹುದು. ಆಗ ಯಾವ ಕಚೇರಿಯನ್ನೂ ತಪ್ಪಿತಸ್ಥನೆನ್ನಲಾಗದು.

ಇನ್ನೊಂದು ತೊಡಕು ‘ಹಿಂಬರಹ’ದ್ದು. ಹೆಚ್ಚಿನ ಮಾಹಿತಿ ಅಥವಾ ದಾಖಲೆ ಕೇಳಿದಾಗ 30 ದಿನಗಳ ಎಣಿಕೆ ಆ ಮಾಹಿತಿ ತಲಪಿದ ದಿನದಿಂದ ಆರಂಭವಾಗುತ್ತದೆ. ಇದು ನ್ಯಾಯವಾದ ನಿಯಮ. ಅಪೂರ್ಣ ಅರ್ಜಿಯ ಮೇಲೆ ಯಾರೂ ತೀರ್ಮಾನಿಸಲಾರರು. ಆದರೆ ಹಿಂಬರಹವನ್ನು ಮೂರನೆಯ ದಿನವೂ ಕೊಡಬಹುದು, ಇಪ್ಪತ್ತೆಂಟನೆಯ ದಿನವೂ ಕೊಡಬಹುದು.

4. ಗಡಿಯಾರ ಮತ್ತು ಪಂಚಾಂಗ

ಕಾಯ್ದೆಯ ದಿನಗಳೆಲ್ಲ ಒಂದೇ ತೂಕದವು. ಜನವರಿಯ 30 ದಿನಕ್ಕೂ ಜುಲೈಯ 30 ದಿನಕ್ಕೂ ಅದರಲ್ಲಿ ವ್ಯತ್ಯಾಸವಿಲ್ಲ. ಮನೆ ಕಟ್ಟುವವರ ದಿನಗಳು ಹಾಗಲ್ಲ. ಸುಗ್ಗಿ ಮುಗಿದು ಕೈಗೆ ಹಣ ಬರುವ ಮಾಘ-ಫಾಲ್ಗುಣ, ಯುಗಾದಿಯ ನಂತರದ ಚೈತ್ರ-ವೈಶಾಖ ಇವು ಕಟ್ಟುವ ಕಾಲ. ಆಷಾಢವನ್ನು, ಧನುರ್ಮಾಸವನ್ನು ಶುಭಕಾರ್ಯಕ್ಕೆ ಸಲ್ಲದ ಶೂನ್ಯಮಾಸಗಳೆಂದು ಬಿಡುವುದು ರೂಢಿ. ತುಳುನಾಡಿನಲ್ಲಿ ಆಟಿ ತಿಂಗಳು ಹಾಗೆಯೇ. ಈ ನಂಬಿಕೆಗಳ ಒಳಗೆ ದುಡಿಮೆಯ ವಿವೇಕವೂ ಅಡಗಿದೆ. ಆಷಾಢದಲ್ಲಿ ಕರಾವಳಿ, ಮಲೆನಾಡುಗಳಲ್ಲಿ ಅಡಿಪಾಯದ ಗುಂಡಿಯಲ್ಲಿ ನೀರು ನಿಲ್ಲುತ್ತದೆ. ಕೆಂಪುಕಲ್ಲಿನ ಪಣೆಗಳು ಕೆಲಸ ನಿಲ್ಲಿಸುತ್ತವೆ. ಬಯಲುಸೀಮೆಯಲ್ಲಿ ಬಿತ್ತನೆಗೆ ಹೋದ ಆಳುಗಳು ಗಾರೆ ಕೆಲಸಕ್ಕೆ ಸಿಗುವುದಿಲ್ಲ.

ಈ ಎರಡು ಲೆಕ್ಕಗಳನ್ನು ಒಂದರ ಪಕ್ಕ ಒಂದಿರಿಸಿದರೆ ವಿಳಂಬದ ನಿಜರೂಪ ತಿಳಿಯುತ್ತದೆ. ಕರಾವಳಿಯ ನಗರವೊಂದರಲ್ಲಿ ಸಂಕ್ರಾಂತಿಯ ಹೊತ್ತಿಗೆ, ಜನವರಿ 15ರಂದು, ಒಂದು ಕುಟುಂಬ ಅರ್ಜಿ ಸಲ್ಲಿಸಿತೆಂದು ಇಟ್ಟುಕೊಳ್ಳಬಹುದು. ಇಪ್ಪತ್ತೆಂಟನೆಯ ದಿನ, ಫೆಬ್ರವರಿ 12ರಂದು, ಖಾತೆಯ ಪ್ರತಿ ಸ್ಪಷ್ಟವಾಗಿಲ್ಲವೆಂದು ಹಿಂಬರಹ ಬರುತ್ತದೆ. ಕುಟುಂಬವು ಒಂದು ವಾರದಲ್ಲಿ ಹೊಸ ಪ್ರತಿ ಕೊಡುತ್ತದೆ. ಫೆಬ್ರವರಿ 19ರಿಂದ ಎಣಿಕೆ ಮತ್ತೆ ಆರಂಭವಾಗಿ ಮಾರ್ಚ್ 21ಕ್ಕೆ ನಿವೇಶನದ ಅನುಮೋದನೆ ದೊರೆಯುತ್ತದೆ. ಅಲ್ಲಿಂದ ಕಟ್ಟಡದ ಅನುಮತಿಯ 30 ದಿನಗಳು. ಮತ್ತೆ ಇಪ್ಪತ್ತೆಂಟನೆಯ ದಿನ, ಏಪ್ರಿಲ್ 18ರಂದು, ನಕ್ಷೆಯಲ್ಲಿ ಚೆಕ್ಕುಬಂದಿಯ ಒಂದು ಅಳತೆ ತಾಳೆಯಾಗುವುದಿಲ್ಲವೆಂಬ ಹಿಂಬರಹ. ಒಂದು ವಾರದಲ್ಲಿ ಉತ್ತರ. ಮೇ 25ಕ್ಕೆ ಪರವಾನಗಿ.

ಒಟ್ಟು 130 ದಿನಗಳಾದವು. ಇಲ್ಲಿ ಒಬ್ಬ ಅಧಿಕಾರಿಯೂ ಗಡುವನ್ನು ಮೀರಿಲ್ಲ. ಕಡತದ ಲೆಕ್ಕದಲ್ಲಿ ಇದು ಸಕಾಲದಲ್ಲಿ ವಿಲೇವಾರಿಯಾದ ಅರ್ಜಿ. ಆದರೆ ಪರವಾನಗಿ ಕೈಗೆ ಬರುವ ಹೊತ್ತಿಗೆ ಮುಂಗಾರು ಬಾಗಿಲಲ್ಲಿರುತ್ತದೆ. ಗುದ್ದಲಿ ಹಾಕುವ ಮಾತು ದಸರೆಯ ಆಚೆಗೆ ಹೋಗುತ್ತದೆ. ಎರಡು ಹಿಂಬರಹಗಳನ್ನು ಮೂರನೆಯ ದಿನವೇ ಕೊಟ್ಟಿದ್ದರೆ ಪರವಾನಗಿ ಏಪ್ರಿಲ್ ಮೊದಲ ವಾರದಲ್ಲಿ ದೊರೆಯುತ್ತಿತ್ತು. ಅಡಿಪಾಯವಾದರೂ ಮಳೆಗೆ ಮುನ್ನ ಮೇಲೇಳುತ್ತಿತ್ತು. ಕಚೇರಿಯ 50 ದಿನಗಳ ವ್ಯತ್ಯಾಸ ಕುಟುಂಬಕ್ಕೆ ಆರು ತಿಂಗಳಾಗುತ್ತದೆ. ಆ ಆರು ತಿಂಗಳ ಬಾಡಿಗೆ, ಸಾಲದ ಬಡ್ಡಿ, ಏರಿದ ಸಿಮೆಂಟಿನ ಬೆಲೆ, ಹೊಸ ಮನೆಯಲ್ಲಿ ನಡೆಯಬೇಕಿದ್ದ ಮಗಳ ಮದುವೆಯ ಮುಂದೂಡಿಕೆ ಇವು ಯಾವ ವಹಿಯಲ್ಲಿಯೂ ದಾಖಲಾಗುವುದಿಲ್ಲ.

5. ಮೌನದ ಅರ್ಥ

‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಮಾತು ಕನ್ನಡದ ಆಡುನುಡಿಯಲ್ಲಿಯೂ ಬೇರೂರಿದೆ. ಹೆಣ್ಣು ಕೇಳುವ ಶಾಸ್ತ್ರದಿಂದ ಪಂಚಾಯಿತಿ ಕಟ್ಟೆಯವರೆಗೆ ಸುಮ್ಮನಿರುವವರನ್ನು ಒಪ್ಪಿದವರೆಂದು ಲೆಕ್ಕ ಹಾಕುವುದು ವಾಡಿಕೆ. ಪೌರನಿಗಮ ಮತ್ತು ಪಂಚಾಯಿತಿ ಕಾಯ್ದೆಗಳು ‘ಭಾವಿಸತಕ್ಕದ್ದು’ ಎನ್ನುವಾಗ ಇದೇ ತತ್ವವನ್ನು ಶಾಸನವಾಗಿಸಿವೆ.

ಎಲ್ಲ ದೇಶಗಳಲ್ಲಿಯೂ ಹೀಗೆಯೇ ಇಲ್ಲ. ಇಂಗ್ಲೆಂಡಿನಲ್ಲಿ 1947ರ ಕಾಯ್ದೆಯಿಂದ ಕಟ್ಟಡ ಯೋಜನೆಯ ಅನುಮತಿಯ ವ್ಯವಸ್ಥೆ ಗಟ್ಟಿಯಾಯಿತು. ಅಲ್ಲಿನ ಸ್ಥಳೀಯ ಸಂಸ್ಥೆಗೆ ಸಾಮಾನ್ಯ ಅರ್ಜಿಗಳಿಗೆ 8 ವಾರ, ದೊಡ್ಡ ಯೋಜನೆಗಳಿಗೆ 13 ವಾರಗಳ ಅವಧಿಯಿದೆ. ಆ ಅವಧಿ ಮೀರಿದರೆ ಅನುಮತಿ ತಾನಾಗಿ ದೊರೆಯುವುದಿಲ್ಲ. ಅರ್ಜಿ ನಿರಾಕೃತವಾಯಿತೆಂದು ತಿಳಿದು ಮೇಲ್ಮನವಿ ಸಲ್ಲಿಸುವ ಹಕ್ಕು ಹುಟ್ಟುತ್ತದೆ. ಅಲ್ಲಿ ಮೌನಕ್ಕೆ ‘ಇಲ್ಲ’ ಎಂದರ್ಥ. ಇಲ್ಲಿ ಮೌನಕ್ಕೆ ‘ಹೌದು’ ಎಂದರ್ಥ.

ಕಾಗದದ ಮೇಲೆ ಕನ್ನಡ ನಾಡಿನ ನಿಯಮ ಹೆಚ್ಚು ಉದಾರವಾದುದು. ಆದರೆ ಈ ‘ಹೌದು’ ದುರ್ಬಲವಾದುದು. ಭಾವಿಸಲಾದ ಅನುಮತಿಯ ಮೇಲೆ ಕಟ್ಟುವವನು ನಿಯಮಗಳನ್ನು ಉಲ್ಲಂಘಿಸುವಂತಿಲ್ಲವೆಂದು ಅದೇ ಪ್ರಕರಣ ಹೇಳುತ್ತದೆ. ಉಲ್ಲಂಘಿಸಿಲ್ಲವೆಂದು ಹೇಳಬೇಕಾದವರು ಮಾತ್ರ ಬಾಯಿ ತೆರೆದಿಲ್ಲ. ಸಾಲ ಕೊಡುವ ಬ್ಯಾಂಕು ಮೊಹರು ಬಿದ್ದ ನಕ್ಷೆ ಕೇಳುತ್ತದೆಯೇ ಹೊರತು ಕಚೇರಿಯ ಮೌನವನ್ನು ಅಡಮಾನವಾಗಿ ಒಪ್ಪುವುದಿಲ್ಲ. ಹೀಗಾಗಿ ಸ್ವಂತ ಹಣವಿದ್ದವನಿಗೆ, ವಕೀಲರ ನೆರವಿದ್ದವನಿಗೆ ಮೌನವು ಅನುಮತಿಯಾಗುತ್ತದೆ. ಸಾಲ ನಂಬಿದ ಬಡವನಿಗೆ ಅದು ನಿರಾಕರಣೆಯೇ ಆಗಿ ಉಳಿಯುತ್ತದೆ. ಬಲಕ್ಕೆ ಬಿದ್ದ ಹೂವನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಒಯ್ಯಬಹುದು. ಬೀಳದ ಹೂವನ್ನು ಬಿದ್ದಿದೆಯೆಂದು ಭಾವಿಸಿ ಒಯ್ಯುವುದು ಕಷ್ಟ.

ಫ್ರೆಂಚ್ ವಿದ್ವಾಂಸ ಅರ್ನಾಲ್ಡ್ ವಾನ್ ಗೆನೆಪ್ 1909ರಲ್ಲಿ ಸ್ಥಿತ್ಯಂತರದ ವಿಧಿಗಳನ್ನು ವಿವರಿಸುವಾಗ ‘ಹೊಸ್ತಿಲು’ ಎಂಬ ಅರ್ಥದ ಲ್ಯಾಟಿನ್ ಪದದಿಂದ ನಡುವಣ ಹಂತವನ್ನು ಹೆಸರಿಸಿದನು. ಹಳೆಯ ಸ್ಥಿತಿಯಿಂದ ಹೊರಬಂದು ಹೊಸತನ್ನು ಇನ್ನೂ ಸೇರದ ಹಂತ ಅದು. ಜಾನಪದ ವಿಧಿಗಳಲ್ಲಿ ಈ ಹಂತಕ್ಕೆ ಗೊತ್ತಾದ ಕೊನೆಯಿದೆ: ಸೂತಕಕ್ಕೆ ಹನ್ನೊಂದು ದಿನ, ವ್ರತಕ್ಕೆ ನಲವತ್ತೆಂಟು ದಿನ ಹೀಗೆ. ಉತ್ತರ ದೊರೆಯದ ಅರ್ಜಿದಾರನೂ ಹೊಸ್ತಿಲಿನ ಮೇಲೆ ನಿಂತವನೇ. ಅವನ ಹೊಸ್ತಿಲಿಗೆ ಮಾತ್ರ ಗೊತ್ತಾದ ಅಗಲವಿಲ್ಲ.

6. ಕಚೇರಿಯ ಮೌಖಿಕ ಪರಂಪರೆ

ಇಂಥ ಕಾಯುವಿಕೆಯಿಂದ ಒಂದು ನುಡಿಸಂಪತ್ತು ಹುಟ್ಟಿದೆ. ಕಚೇರಿಯ ಮಾತಿನಲ್ಲಿ ಕಡತವು ಜೀವವಿರುವ ಪ್ರಾಣಿ. ಅದು ‘ಬಂದಿದೆ’, ‘ಹೋಗಿದೆ’, ‘ಕೂತಿದೆ’, ‘ಮೇಲೆ ಹೋಗಿದೆ’, ‘ಇನ್ನೂ ಇಳಿದಿಲ್ಲ’. ಈ ಕ್ರಿಯಾಪದಗಳಲ್ಲಿ ಒಂದಕ್ಕೂ ಮನುಷ್ಯ ಕರ್ತೃವಿಲ್ಲ. ಕಡತವನ್ನು ಯಾರೂ ಇರಿಸಿಕೊಂಡಿಲ್ಲ. ಅದು ತಾನೇ ಕೂತಿದೆ. ಹೊಣೆಯು ವ್ಯಕ್ತಿಯಿಂದ ವಸ್ತುವಿಗೆ ಜಾರುವುದನ್ನು ಈ ವ್ಯಾಕರಣವೇ ತೋರಿಸುತ್ತದೆ. ಹೊರಗಿನವರ ನುಡಿಗಟ್ಟು ಬೇರೆ: ‘ಅಲೆದು ಅಲೆದು ಚಪ್ಪಲಿ ಸವೆಯಿತು’, ‘ಕೈ ಬೆಚ್ಚಗೆ ಮಾಡಬೇಕು’, ‘ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ’. ವಿಧಾನಸೌಧದ ಹಣೆಯ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಬರೆಸಿದ ನಾಡಿನಲ್ಲಿ ಈ ಪೂಜಾರಿಯ ಗಾದೆಗೆ ಹೊಸ ಅರ್ಥ ಬಂದುದು ಆಕಸ್ಮಿಕವಲ್ಲ.

‘ಕೈ ಬೆಚ್ಚಗೆ ಮಾಡುವುದನ್ನು’ ಹರಕೆಗೆ ಹೋಲಿಸುವವರುಂಟು. ಆದರೆ ಇವೆರಡರ ರಚನೆ ಬೇರೆ. ಹರಕೆ ತೀರಿಸುವುದು ಕೆಲಸವಾದ ಮೇಲೆ; ಅಲ್ಲಿಯವರೆಗೆ ಮುಡಿಪು ಕಟ್ಟಿದ ಕಾಸು ಮನೆಯಲ್ಲಿಯೇ ಇರುತ್ತದೆ. ಅದನ್ನು ಸಲ್ಲಿಸುವುದೂ ಹತ್ತು ಜನರೆದುರು. ಲಂಚವು ಕೆಲಸಕ್ಕೆ ಮೊದಲು, ಮರೆಯಲ್ಲಿ ಸಲ್ಲುತ್ತದೆ. ಗೊತ್ತಾದ ದಿನಕ್ಕೆ ಉತ್ತರ ಬರುವುದೆಂಬ ಭರವಸೆಯಿರುವಲ್ಲಿ ಅದಕ್ಕೆ ಜಾಗ ಕಡಿಮೆ. ದಿನ ಗೊತ್ತಿಲ್ಲದಿದ್ದಾಗ ದಿನಕ್ಕೊಂದು ಬೆಲೆ ಹುಟ್ಟುತ್ತದೆ.

ಈ ಪರಂಪರೆಯ ತಿರುಳು ‘ನಾಳೆ ಬನ್ನಿ’ ಎಂಬ ಎರಡು ಪದಗಳಲ್ಲಿದೆ. 1990ರ ದಶಕದಲ್ಲಿ ಬೆಂಗಳೂರು ಮತ್ತು ದಕ್ಷಿಣ ಕರ್ನಾಟಕದ ಹಲವೆಡೆ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯಲಾಗಿತ್ತು. ರಾತ್ರಿ ಹೊತ್ತು ದೆವ್ವವೊಂದು ಪರಿಚಿತರ ದನಿಯಲ್ಲಿ ಮನೆಯವರನ್ನು ಕೂಗುತ್ತದೆ, ಓಗೊಟ್ಟವರು ಉಳಿಯುವುದಿಲ್ಲ, ಬಾಗಿಲ ಬರಹವನ್ನು ಓದಿ ಅದು ಹಿಂದಿರುಗುತ್ತದೆ ಎಂಬುದು ಅಂದಿನ ನಂಬಿಕೆ. ಮರುದಿನ ಬಂದರೂ ಅದೇ ಬರಹ. 2018ರ ಹಿಂದಿ ಚಲನಚಿತ್ರ ‘ಸ್ತ್ರೀ’ ಇದೇ ಆಶಯವನ್ನು ಬಳಸಿಕೊಂಡಿತು. ಅಂಗಡಿಗಳ ‘ಇಂದು ನಗದು, ನಾಳೆ ಉದ್ರಿ’ ಎಂಬ ಫಲಕದ ಜಾಣತನವೂ ಇದೇ ಜಾತಿಯದು. ಎಂದೂ ಬಾರದ ನಾಳೆಯೊಂದನ್ನು ತೋರಿಸಿ, ‘ಇಲ್ಲ’ ಎನ್ನದೆಯೇ ಇಲ್ಲವೆನ್ನುವ ಉಪಾಯ ಅದು.

ಕಚೇರಿಯ ‘ನಾಳೆ ಬನ್ನಿ’ ಈ ಉಪಾಯದ ತಿರುವುಮುರುವಾದ ರೂಪ. ಕಥೆಯಲ್ಲಿ ಒಳಗಿರುವವರು ಮನೆಯವರು; ಹೊರಗೆ ನಿಂತದ್ದು ಮನೆಯಿಲ್ಲದ ದೆವ್ವ. ಕಚೇರಿಯಲ್ಲಿ ಹೊರಗೆ ನಿಂತವನು ಮನೆ ಬೇಕೆನ್ನುವ ಮನುಷ್ಯ. ನಿರಾಕರಿಸಿದರೆ ಕಾರಣ ಬರೆಯಬೇಕು, ಬರೆದರೆ ಮೇಲ್ಮನವಿ ಬರುತ್ತದೆ. ಒಪ್ಪಿದರೆ ಸಹಿ ಹಾಕಬೇಕು, ಹಾಕಿದರೆ ಹೊಣೆ ಬರುತ್ತದೆ. ನಾಳೆ ಎಂದರೆ ಎರಡೂ ಇಲ್ಲ. ಹೀಗೆ ನೋಡಿದರೆ ವಿಳಂಬವು ಬರಿಯ ಸೋಮಾರಿತನದ ಫಲವಲ್ಲ. ಸಿಬ್ಬಂದಿಯ ಕೊರತೆ, ಒಬ್ಬ ಅಭಿಯಂತರನ ತಲೆಯ ಮೇಲೆ ಹಲವು ವಾರ್ಡುಗಳ ಭಾರ, ತಪ್ಪು ಸಹಿಗೆ ಮುಂದೆ ತನಿಖೆ ಎದುರಾಗುವ ಭಯ ಇವೂ ಅದರ ಹಿಂದಿವೆ. ಒಳಗಿನವನಿಗೂ ಹೊರಗಿನ ಕೂಗಿನ ಭಯವಿದೆ.

7. ಸಕಾಲ ಮತ್ತು ನಂಬಿಕೆ

ರಾಜ್ಯ ಸರ್ಕಾರವು 2011ರಲ್ಲಿ ನಾಗರಿಕ ಸೇವೆಗಳ ಖಾತರಿ ಕಾಯ್ದೆಯನ್ನು ತಂದು 2012ರ ಏಪ್ರಿಲ್ 2ರಿಂದ ರಾಜ್ಯದಾದ್ಯಂತ ಜಾರಿಗೊಳಿಸಿದಾಗ ಅದಕ್ಕೆ ‘ಸಕಾಲ’ ಎಂಬ ಹೆಸರಿಟ್ಟಿತು. ಇಂದು, ನಾಳೆ ಎನ್ನುವ ಮಾತು ಇನ್ನಿಲ್ಲವೆಂಬುದೇ ಅದರ ಘೋಷಣೆಯ ಸಾರ. ಆಡಳಿತವೇ ತನ್ನ ವಿರುದ್ಧದ ಜನಪದ ನುಡಿಯನ್ನು ಕೇಳಿಸಿಕೊಂಡು ಅದಕ್ಕೆ ಉತ್ತರ ಕೊಟ್ಟ ಅಪರೂಪದ ಸಂದರ್ಭವಿದು. ಅರ್ಜಿಗೊಂದು ಸಂಖ್ಯೆ, ಸೇವೆಗೊಂದು ಗೊತ್ತಾದ ದಿನ, ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿಯವರೆಗೆ ಅರ್ಜಿದಾರನಿಗೆ ಪರಿಹಾರ ಇವು ಅದರ ಮುಖ್ಯ ಅಂಶಗಳು.

ಹಣದ ಮೊತ್ತಕ್ಕಿಂತ ಆ ಸಂಖ್ಯೆ ಮುಖ್ಯವಾದುದು. ಸ್ವೀಕೃತಿ ಸಂಖ್ಯೆ ಪಡೆದ ಅರ್ಜಿ ‘ಬಂದೇ ಇಲ್ಲ’ ಎನ್ನಲಾಗದು. ಆದರೆ ಲೆಕ್ಕದ ಮಿತಿಯೂ ಸ್ಪಷ್ಟವಾಗಿದೆ: ದಿನಕ್ಕೆ 20 ರೂಪಾಯಿಯಂತೆ 25 ದಿನಗಳಿಗೆ 500 ರೂಪಾಯಿ ಮುಗಿಯುತ್ತದೆ. ಇಪ್ಪತ್ತಾರನೆಯ ದಿನದಿಂದ ವಿಳಂಬಕ್ಕೆ ಬೆಲೆಯಿಲ್ಲ. ಹೆಚ್ಚು ತಡವಾದ ಅರ್ಜಿಯನ್ನು ಇನ್ನಷ್ಟು ತಡಮಾಡಲು ಅಡ್ಡಿಯಾಗುವ ಏನೂ ಆ ಲೆಕ್ಕದಲ್ಲಿ ಉಳಿಯುವುದಿಲ್ಲ.

2024ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇನ್ನೊಂದು ವ್ಯವಸ್ಥೆಯ ಹೆಸರು ಜಾನಪದ ಅಧ್ಯಯನಕಾರರ ಗಮನ ಸೆಳೆಯುವಂಥದು: ‘ನಂಬಿಕೆ ನಕ್ಷೆ’. ನೋಂದಾಯಿತ ವಾಸ್ತುಶಿಲ್ಪಿ ಅಥವಾ ಅಭಿಯಂತರನ ದೃಢೀಕರಣವನ್ನು ನಂಬಿ, ಮಿತ ಅಳತೆಯ ವಾಸದ ಮನೆಗಳಿಗೆ ಮೊದಲು ತಾತ್ಕಾಲಿಕ ಅನುಮತಿ ನೀಡಿ ಆಮೇಲೆ ಪರಿಶೀಲಿಸುವುದು ಇದರ ಕ್ರಮ. ಇಲ್ಲಿ ಕಾಯುವ ಹೊರೆ ಅರ್ಜಿದಾರನಿಂದ ಪರಿಶೀಲಕನಿಗೆ ವರ್ಗವಾಗುತ್ತದೆ. ಆದರೆ ಆಮೇಲಿನ ಪರಿಶೀಲನೆ ನಡೆಯದಿದ್ದರೆ ರಾಜಕಾಲುವೆಯ ಮೇಲೆ ಎದ್ದ ಗೋಡೆಯನ್ನು ನಂಬಿಕೆಯೊಂದೇ ತಡೆಯಲಾರದು.

ವಿಳಂಬವನ್ನು ಅಳೆಯುವ ಬಗೆಯಲ್ಲಿಯೂ ಎಚ್ಚರ ಬೇಕು. ಕಚೇರಿಯ ವರದಿಗಳು ‘ವಿಲೇವಾರಿ’ಯನ್ನು ಎಣಿಸುತ್ತವೆ. ಒಪ್ಪಿದ ಅರ್ಜಿಯೂ ವಿಲೇವಾರಿ, ತಿರಸ್ಕರಿಸಿದ್ದೂ ವಿಲೇವಾರಿ. ಗಡುವಿನ ಹಿಂದಿನ ದಿನ ಸಣ್ಣ ಕೊರತೆಗಾಗಿ ತಿರಸ್ಕರಿಸಿದ ಅರ್ಜಿ ಮತ್ತೆ ಹೊಸ ಸಂಖ್ಯೆಯೊಂದಿಗೆ ಬಂದರೆ ಅದು ಸಕಾಲದ ಎರಡು ವಿಲೇವಾರಿಗಳಾಗಿ ಕಾಣುತ್ತದೆ. ಕುಟುಂಬಕ್ಕೆ ಅದು ಒಂದೇ ದೀರ್ಘ ಕಾಯುವಿಕೆ. ಇಂಗ್ಲೆಂಡಿನಲ್ಲಿಯೂ ಅರ್ಜಿದಾರನು ಒಪ್ಪಿ ವಿಸ್ತರಿಸಿದ ಗಡುವಿನೊಳಗಿನ ತೀರ್ಮಾನ ಸಕಾಲಿಕವೆಂದೇ ಎಣಿಕೆಯಾಗುತ್ತದೆ. ಒಪ್ಪದಿದ್ದರೆ ನಿರಾಕರಣೆ ಎದುರಾಗಬಹುದೆಂದು ಅರಿತವನ ಒಪ್ಪಿಗೆ ಎಷ್ಟು ಮುಕ್ತವೆಂಬುದನ್ನು ಅಂಕಿ ಹೇಳುವುದಿಲ್ಲ.

8. ಸಮಾರೋಪ

ಜಾನಪದದ ಅಪ್ಪಣೆಯನ್ನು ಮರಳಿ ತರುವುದು ಸಾಧ್ಯವೂ ಅಲ್ಲ, ಯೋಗ್ಯವೂ ಅಲ್ಲ. ಅದರೊಳಗಿನ ಅಸಮಾನತೆ ಬರೆದ ಕಾಯ್ದೆಯಿಂದಲೇ ಕಳೆಯಬೇಕಾದುದು. ಆದರೆ ಅದರ ಮೂರು ಲಕ್ಷಣಗಳು, ಅಂದರೆ ಕೇಳಿದಲ್ಲಿಯೇ ಉತ್ತರ, ಎಲ್ಲರೆದುರು ಉತ್ತರ, ನಿರಾಕರಣೆಯೂ ಸ್ಪಷ್ಟ ಉತ್ತರ ಎಂಬಿವು ಕಚೇರಿಯ ವ್ಯವಸ್ಥೆಗೂ ಹೊಂದುವಂಥವು. ಕೊರತೆಗಳೆಲ್ಲವನ್ನೂ ಮೊದಲ ವಾರದಲ್ಲಿ ಒಂದೇ ಹಿಂಬರಹದಲ್ಲಿ ಹೇಳುವುದು, ಅದರ ನಂತರ ಎಣಿಕೆಯನ್ನು ಮತ್ತೆ ಆರಂಭಿಸದಿರುವುದು, ಪ್ರತಿ ಅರ್ಜಿ ಮೊದಲ ದಿನದಿಂದ ಕೊನೆಯ ದಿನದವರೆಗೆ ತೆಗೆದುಕೊಂಡ ಕಾಲವನ್ನು ಸೂಚನಾ ಫಲಕದಲ್ಲಿ ಪ್ರಕಟಿಸುವುದು, ಭಾವಿಸಲಾದ ಅನುಮತಿಗೂ ಬ್ಯಾಂಕು ಒಪ್ಪುವಂಥ ಒಂದು ಲಿಖಿತ ಪತ್ರ ಕೊಡುವುದು ಇವುಗಳಿಗೆ ದೊಡ್ಡ ವೆಚ್ಚವಿಲ್ಲ. ಸರಾಸರಿಯ ಬದಲು ಅತಿ ಹೆಚ್ಚು ಕಾದ ಅರ್ಜಿಯನ್ನು ವರದಿಯ ಮೊದಲ ಸಾಲಿನಲ್ಲಿ ಬರೆದರೆ ಕಚೇರಿಯ ಕಣ್ಣು ಅತ್ತ ಹೊರಳುತ್ತದೆ.

ಜಾನಪದ ಅಧ್ಯಯನಕ್ಕೂ ಇಲ್ಲಿ ಕೆಲಸವಿದೆ. ಗೃಹಪ್ರವೇಶದ ಹಾಡುಗಳನ್ನು ಸಂಗ್ರಹಿಸಿದಂತೆ ಅದಕ್ಕೂ ಹಿಂದಿನ ಕಾಯುವಿಕೆಯ ಮಾತುಗಳನ್ನೂ ಸಂಗ್ರಹಿಸಬೇಕಾಗಿದೆ. ಕಚೇರಿಯ ಬೆಂಚಿನ ಮೇಲೆ ಕುಳಿತವರು ಪರಸ್ಪರ ಹೇಳಿಕೊಳ್ಳುವ ಅನುಭವ ಕಥನಗಳು, ಯಾವ ದಿನ ಹೋದರೆ ಕೆಲಸವಾಗುತ್ತದೆಂಬ ಶಕುನಗಳು, ಸಾಹೇಬರ ಮನಸ್ಥಿತಿಯನ್ನು ಊಹಿಸುವ ಲಕ್ಷಣಗಳು ಇವೆಲ್ಲ ಸಮಕಾಲೀನ ಜಾನಪದದ ಸಾಮಗ್ರಿಗಳೇ. ಅರ್ಜಿಗಳು ಗಣಕಯಂತ್ರದ ಪರದೆಗೆ ಸಾಗುತ್ತಿರುವ ಈ ಕಾಲದಲ್ಲಿ ಬೆಂಚು ಬರಿದಾಗುತ್ತಿದೆ. ಅದರ ಮೇಲಿನ ಮಾತುಗಳೂ ಚದುರುತ್ತಿವೆ. ಅವುಗಳನ್ನು ದಾಖಲಿಸಿದಲ್ಲಿ, ಕಾಯ್ದೆಯು 30 ದಿನ ಎಂದು ಬರೆದ ಅವಧಿ ಒಂದು ಮನೆಯಲ್ಲಿ ಎಷ್ಟು ಉದ್ದವಾಗಿತ್ತೆಂಬುದಕ್ಕೆ ಅಂಕಿಸಂಖ್ಯೆಗಳು ಕೊಡದ ಸಾಕ್ಷ್ಯವೊಂದು ಮುಂದಿನವರಿಗೆ ಉಳಿಯುತ್ತದೆ.